ಯಂತ್ರದ ನುಡಿಗೆ ಹೊಣೆ ಯಾರು?

ಆಡಿದ ಮಾತಿಗೆ ಆಡಿದವನೇ ಹೊಣೆಯೆಂಬುದು ಶರಣಮಾರ್ಗದ ಮೊದಲ ಪಾಠ. ಆದರೆ ಆಡುವವನೇ ಇಲ್ಲದ ಮಾತಿಗೆ ಹೊಣೆ ಯಾರು? ಭಾಷೆಯಿಂದ ಭಾಷೆಗೆ ಬರಹವನ್ನು ಕ್ಷಣಮಾತ್ರದಲ್ಲಿ ತಿರುಗಿಸುವ ಯಂತ್ರಬುದ್ಧಿಯು ಮನೆಮನೆಯನ್ನು ಹೊಕ್ಕಿರುವ ಈ ಕಾಲದಲ್ಲಿ ಈ ಪ್ರಶ್ನೆಯನ್ನು ವಿಚಾರಿಸುವುದು ಅವಶ್ಯಕವಾಗಿದೆ.

1954ರ ಜನವರಿಯಲ್ಲಿ ನ್ಯೂಯಾರ್ಕ್ ನಗರದಲ್ಲಿ ಗಣಕಯಂತ್ರವೊಂದು ಅರವತ್ತಕ್ಕೂ ಹೆಚ್ಚು ರಷ್ಯನ್ ವಾಕ್ಯಗಳನ್ನು ಇಂಗ್ಲಿಷಿಗೆ ತಿರುಗಿಸಿತು. ಅದಕ್ಕೆ ಒದಗಿಸಿದ್ದು 250 ಪದಗಳು ಮತ್ತು ಆರು ನಿಯಮಗಳು ಮಾತ್ರ. ಇಂದಿನ ಯಂತ್ರದ ಬಗೆಯೇ ಬೇರೆ. ಮನುಷ್ಯರು ಬರೆದ, ಅನುವಾದಿಸಿದ ಅಸಂಖ್ಯ ವಾಕ್ಯಗಳಿಂದ ಕಲಿತು, ಯಾವ ಪದದ ಮುಂದೆ ಯಾವ ಪದ ಬರುವ ಸಂಭವ ಹೆಚ್ಚೆಂದು ಎಣಿಸಿ ಅದು ನುಡಿಯುತ್ತದೆ. 2011ರಲ್ಲಿ ಗೂಗಲ್ ಅನುವಾದದಲ್ಲಿ ಕನ್ನಡವೂ ಸೇರಿತು. 2023ರಲ್ಲಿ ಮದ್ರಾಸಿನ ಐ.ಐ.ಟಿ.ಯ ಸಂಶೋಧಕರು ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಿಗೂ ಇಂತಹ ಸಾಧನವನ್ನು ರೂಪಿಸಿ ಸರ್ವರಿಗೂ ಮುಕ್ತವಾಗಿಟ್ಟರು.

ಇದು ಉಪಕಾರವೇ ಸರಿ. ಪರನಾಡಿಗೆ ಕಾಯಕವನ್ನರಸಿ ಹೋದವನು ಅಲ್ಲಿಯ ವೈದ್ಯನ ಸೂಚನೆಯನ್ನು ತನ್ನ ನುಡಿಯಲ್ಲಿ ಓದಬಲ್ಲನು. ಆದರೆ ‘ಕೊಡಬೇಡ’ ಎಂಬುದು ಪ್ರಮಾದದಿಂದ ‘ಕೊಡು’ ಎಂದಾದರೆ, ಯಂತ್ರಕ್ಕೆ ಪಶ್ಚಾತ್ತಾಪವಿಲ್ಲ, ನೋಯುವವನು ರೋಗಿ.

‘ಬಯಲು’ ಎಂಬ ಪದವನ್ನು ನೋಡಿರಿ. ಒಕ್ಕಲಿಗನಿಗೆ ಅದು ಊರ ಹೊರಗಿನ ಭೂಮಿ. ಶರಣನಿಗೆ ಎಲ್ಲವೂ ಲಯವಾಗುವ ನಿರಾಕಾರ ತತ್ತ್ವ. ಎರಡನ್ನೂ ಹೇಳುವ ಬರಹಗಳನ್ನು ಯಂತ್ರವು ಕಂಡಿರಬಹುದು. ಆದರೆ ಹೊಲವನ್ನು ಅದು ತುಳಿದಿಲ್ಲ, ಶೂನ್ಯವನ್ನು ಅನುಭವಿಸಿಲ್ಲ. ಆಯ್ಕೆ ಸರಿಯಾದರೂ ಅದು ಎಣಿಕೆಯ ಫಲವೇ ಹೊರತು ಅನುಭಾವದ ಫಲವಲ್ಲ.

ನಮ್ಮ ನುಡಿಯಲ್ಲಿ ‘ವಚನ’ವೆಂದರೆ ಮಾತೂ ಹೌದು, ಕೊಟ್ಟ ಭಾಷೆಯೂ ಹೌದು. ಮೊದಲನೆಯದನ್ನು ಯಂತ್ರವು ಕೊಡಬಲ್ಲದು. ಎರಡನೆಯದನ್ನು ಎಂದಿಗೂ ಕೊಡಲಾರದು. ಭಾಷೆ ಕೊಡುವವನಿಗೆ ತಪ್ಪಿದರೆ ಕುಂದುವ ಶೀಲವಿರಬೇಕು, ನಡೆಯಿಂದ ನುಡಿಯನ್ನು ತುಂಬಿಕೊಡುವ ಬಾಳಿರಬೇಕು.

ಆದುದರಿಂದ ಸದ್ಭಕ್ತರು ಯಂತ್ರವನ್ನು ದೂರಬೇಕಾಗಿಲ್ಲ, ಅದಕ್ಕೆ ಶರಣಾಗಬೇಕಾಗಿಯೂ ಇಲ್ಲ. ಅದು ತಿರುಗಿಸಿದ ಪತ್ರಕ್ಕೆ ಸಹಿ ಹಾಕುವ ಮುನ್ನ ಬಲ್ಲವರಿಗೆ ಒಮ್ಮೆ ತೋರಿಸಿರಿ. ಮಕ್ಕಳಿಗೆ ಎರಡು ಭಾಷೆಗಳನ್ನಾದರೂ ಚೆನ್ನಾಗಿ ಕಲಿಸಿರಿ. ನುಡಿಸಿದ್ದು ಯಂತ್ರವಾದರೂ ಸಹಿ ನಮ್ಮದು. ಸಹಿ ನಮ್ಮದಾದ ಮೇಲೆ ವಚನವೂ ನಮ್ಮದೇ.