ಒಂದು ಋತುವಿಗಾಗಿ ಹುಟ್ಟಿದ್ದು

ಹಳೆಯ ಗಿಲೀಟಿನ ಒಡವೆಗಳನ್ನು ಸಂಗ್ರಹಿಸುವವರ ಕೈಗೆ ಒಂದು ಬ್ರೋಚ್ ಕೊಟ್ಟರೆ ಅವರು ಮೊದಲು ಅದನ್ನು ಮಗುಚಿ ನೋಡುತ್ತಾರೆ. ಮುಖದ ಹೊಳಪಿಗಿಂತ ಬೆನ್ನಿನ ಗುರುತುಗಳಲ್ಲಿ ಅವರಿಗೆ ವಿಶ್ವಾಸ. ಪಿನ್ನಿನ ಕೊಕ್ಕೆ ಯಾವ ಬಗೆಯದು, ಬೆಸುಗೆ ಹೇಗಿದೆ, ಮುದ್ರೆ ಯಾರದು ಎಂದು ಭೂತಗನ್ನಡಿ ಹಿಡಿದು ಪರೀಕ್ಷಿಸುತ್ತಾರೆ. ಅಮೆರಿಕದ ಟ್ರಿಫಾರಿ ಸಂಸ್ಥೆಯ ಹೆಸರು, ಅದರ ಮೊದಲ ಅಕ್ಷರದ ಮೇಲೊಂದು ಪುಟ್ಟ ಕಿರೀಟ, ಪಕ್ಕದಲ್ಲಿ ಕೃತಿಸ್ವಾಮ್ಯದ ಚಿಹ್ನೆ ಕಂಡರೆ ಅದು 1955ರ ಈಚಿನದು ಎಂದು ಊಹಿಸುತ್ತಾರೆ. ಇಂಥ ಅಗ್ಗದ ಆಭರಣವೂ ಕೃತಿಸ್ವಾಮ್ಯಕ್ಕೆ ಅರ್ಹವಾದ ಕಲಾಕೃತಿಯೆಂದು ನ್ಯೂಯಾರ್ಕಿನ ನ್ಯಾಯಾಲಯವೊಂದು ಆ ವರ್ಷ ಮಾನ್ಯ ಮಾಡಿತ್ತು. ಕೆಲವು ಬ್ರೋಚುಗಳ ಬೆನ್ನಿನಲ್ಲಿ ಬೆಳ್ಳಿಯ ಮುದ್ರೆಯಿರುತ್ತದೆ. ಅವು ಎರಡನೆಯ ಮಹಾಯುದ್ಧದ ಕಾಲದವು. ತವರದಂಥ ಲೋಹಗಳು ಯುದ್ಧಸಾಮಗ್ರಿಗೆ ಮೀಸಲಾದಾಗ ತಯಾರಕರು ವಿಧಿಯಿಲ್ಲದೆ ಬೆಳ್ಳಿಗೆ ಚಿನ್ನದ ಲೇಪ ಕೊಟ್ಟರು. ಅಭಾವವೇ ಅಗ್ಗದ ವಸ್ತುವನ್ನು ಅಮೂಲ್ಯವಾಗಿಸಿತು. ಕಾಲಕ್ಕೆ ಇಂಥ ವಿನೋದಗಳು ಪ್ರಿಯ.

ಇವು ಯಾವುವೂ ದೀರ್ಘಾಯುಷ್ಯದ ಆಸೆಯಿಂದ ಹುಟ್ಟಿದವಲ್ಲ. ರೋಡ್ ಐಲೆಂಡಿನ ಪ್ರಾವಿಡೆನ್ಸ್ ನಗರದ ಕಾರ್ಖಾನೆಗಳು ಉಡುಪಿನ ಋತುವನ್ನು ನೋಡಿಕೊಂಡು ಇವನ್ನು ರಾಶಿ ರಾಶಿಯಾಗಿ ತಯಾರಿಸುತ್ತಿದ್ದವು. ವಸಂತಕ್ಕೆ ಎನಾಮೆಲ್ ಹೂ, ಬೇಸಿಗೆಗೆ ಅಚ್ಚಬಿಳಿ ಹಾರ, ಶರತ್ಕಾಲಕ್ಕೆ ಕಂದು ಎಲೆ, ಡಿಸೆಂಬರಿಗೆ ಕ್ರಿಸ್‌ಮಸ್ ಮರದ ಪಿನ್. ಸೆಪ್ಟೆಂಬರಿನ ಮೊದಲ ಸೋಮವಾರ ಅಲ್ಲಿ ಕಾರ್ಮಿಕ ದಿನ. ಅದು ಕಳೆದ ಮೇಲೆ ಬಿಳಿ ತೊಡಬಾರದೆಂಬ ಅಲಿಖಿತ ಶಿಷ್ಟಾಚಾರವೂ ಇತ್ತು. ನಿನ್ನೆಯವರೆಗೆ ಚಂದ ಕಂಡದ್ದು ಬೆಳಗಾಗುವಷ್ಟರಲ್ಲಿ ಅನುಚಿತ. ಇಂದಿಗೂ ಫೆಬ್ರುವರಿಯ ಚಳಿಯಲ್ಲೇ ಮುಂದಿನ ಚಳಿಗಾಲದ ಉಡುಪು ನ್ಯೂಯಾರ್ಕಿನ ವೇದಿಕೆ ಏರುತ್ತದೆ. ನಡುವಿನ ವಸಂತ ಇನ್ನೂ ಬಂದೇ ಇರುವುದಿಲ್ಲ.

ಪ್ರಕೃತಿಯ ವಸಂತ ಪ್ರತಿವರ್ಷ ಅದೇ ಮಾವಿನ ಚಿಗುರನ್ನು ತರುತ್ತದೆ. ಹಳತಾಯಿತೆಂದು ನಾವು ಮುಖ ತಿರುಗಿಸುವುದಿಲ್ಲ. ನಮ್ಮ ಉಡುಪಿಗೆ ಮಾತ್ರ ಆ ಔದಾರ್ಯ ದೊರೆಯುವುದಿಲ್ಲ. ಹತ್ತು ವರ್ಷದ ಹಿಂದಿನ ಭಾವಚಿತ್ರದಲ್ಲಿ ನಾವು ತೊಟ್ಟದ್ದನ್ನು ಕಂಡರೆ ನಗು ಬರುತ್ತದೆ, ಸಣ್ಣ ಸಂಕೋಚವೂ ಆಗುತ್ತದೆ. ಎಪ್ಪತ್ತು ವರ್ಷದ ಹಿಂದೆ ಯಾರೋ ತೊಟ್ಟದ್ದನ್ನು ಕಂಡರೆ ಅದೇ ಕಣ್ಣು ಅರಳುತ್ತದೆ. ವಸ್ತುಗಳಲ್ಲಿ ಅಂಥ ಅಂತರವೇನೂ ಇರಲಾರದು. ಒಂದರಲ್ಲಿ ನಮ್ಮದೇ ಆಸೆ ಇನ್ನೂ ಕಾಣಿಸುತ್ತದೆ. ಇನ್ನೊಂದರ ಆಸೆ ಯಾರದೋ, ಅದು ಎಂದೋ ಶಾಂತವಾಗಿದೆ. ಅನ್ಯರ ವ್ಯಾಮೋಹವನ್ನು ಕ್ಷಮಿಸುವುದು ನಮಗೆ ಸುಲಭ. ನಮ್ಮ ವ್ಯಾಮೋಹವನ್ನು ಕ್ಷಮಿಸಲು ನಾವು ಇನ್ನೊಂದು ತಲೆಮಾರನ್ನು ಕಾಯಬೇಕಾಗುತ್ತದೆ. ಎಸೆದದ್ದನ್ನೇ ದುಡ್ಡು ಕೊಟ್ಟು ಹುಡುಕುವ ಈ ಹವ್ಯಾಸದಲ್ಲಿ ಆ ಕ್ಷಮೆಯೂ ಸೇರಿರಬಹುದು.

ಕೃತಕವೆಂಬ ಕಾರಣಕ್ಕೆ ಇವನ್ನು ಎಲ್ಲರೂ ಹೀಗಳೆದದ್ದೂ ಇಲ್ಲ. 1953ರಲ್ಲಿ ಐಸೆನ್‌ಹೋವರ್ ಅಮೆರಿಕದ ಅಧ್ಯಕ್ಷರಾದಾಗ ಅವರ ಪತ್ನಿ ಮೇಮಿ, ಅಧಿಕಾರಗ್ರಹಣದ ನೃತ್ಯಕೂಟಕ್ಕೆ ಟ್ರಿಫಾರಿಯ ಕೃತಕ ಮುತ್ತುಗಳನ್ನೇ ಧರಿಸಿದ್ದರು. ಅವುಗಳ ವಿನ್ಯಾಸಕ ಆಲ್ಫ್ರೆಡ್ ಫಿಲಿಪ್, ಅದಕ್ಕೆ ಮೊದಲು ಅಸಲಿ ರತ್ನಗಳಲ್ಲಿ ಪಳಗಿದ್ದವರು. ಗಾಜಿನ ಹರಳಿಗೂ ಅವರು ಅದೇ ಶ್ರದ್ಧೆಯನ್ನು ಕೊಟ್ಟರು.

ಅಸಲಿ ಚಿನ್ನದ ಪಾಡು ನಮ್ಮ ಮನೆಗಳಲ್ಲಿ ಬೇರೆಯೇ ಇದೆ. ಅಜ್ಜಿಯ ಬುಗುಡಿ, ಅವಲಕ್ಕಿ ಸರ ಇಂದು ಎಷ್ಟು ಮನೆಗಳಲ್ಲಿ ಉಳಿದಿವೆ? ಹಳೆಯ ಮಾದರಿಯೆಂದು ಅಕ್ಕಸಾಲಿಗನ ಮೂಸೆಗೆ ಹೋಗಿ ಅವು ಸೊಸೆಯ ನೆಕ್ಲೇಸಾದವು, ಮೊಮ್ಮಗಳ ಬಳೆಯಾದವು. ತೂಕ ಉಳಿಯಿತು, ರೂಪ ಹೋಯಿತು. ಅದನ್ನು ಕುಟ್ಟಿ, ತಿದ್ದಿ, ಹೊಳಪಿಟ್ಟ ಕೈಯ ಗುರುತೂ ಅಳಿಯಿತು. ಅದರಲ್ಲಿ ತಪ್ಪೇನಿಲ್ಲ, ಆಪತ್ತಿಗೆ ಒದಗಲೆಂದೇ ನಾವು ಚಿನ್ನ ಮಾಡಿಸುತ್ತೇವೆ. ಗಿಲೀಟನ್ನು ಕರಗಿಸಿದರೆ ಏನೂ ಸಿಗುವುದಿಲ್ಲ. ಆದ್ದರಿಂದ ಯಾರೂ ಅದನ್ನು ಕರಗಿಸಲಿಲ್ಲ. ಒಂದು ಬೇಸಿಗೆಗೆಂದು ಮಾಡಿದ ಹಾರ, ಮಾಡಿದ ದಿನದ ಆಕಾರದಲ್ಲೇ ಯಾವುದೋ ಡಬ್ಬಿಯಲ್ಲಿ ಕುಳಿತು ಎಪ್ಪತ್ತು ಬೇಸಿಗೆಗಳನ್ನು ದಾಟಿತು. ಬೆಲೆಯಿಲ್ಲದಿರುವುದೇ ಅದರ ರಕ್ಷೆಯಾಯಿತು. ಪ್ರಯೋಜನದ ಕಣ್ಣಿಗೆ ಬೀಳದವರೂ ಕೆಲವೊಮ್ಮೆ ಹೀಗೆಯೇ ತಮ್ಮ ರೂಪವನ್ನು ಉಳಿಸಿಕೊಳ್ಳುತ್ತಾರೆ.

ನಿಮ್ಮ ಮನೆಯ ಡಬ್ಬಿಯಲ್ಲೂ ಅಂಥ ಹರಳಿನ ಒಡವೆಯೊಂದು ಇದ್ದರೆ ಅದನ್ನು ನೀರಿನಲ್ಲಿ ತೊಳೆಯಬೇಡಿ. ಹರಳಿಗೆ ಮಿನುಗು ಕೊಡುವುದು ಅದರ ಹಿಂದಿರುವ ತೆಳುವಾದ ಲೋಹದ ಪದರ. ತೇವ ಒಳಹೊಕ್ಕರೆ ಅದು ಮಂಕಾಗಿ ಕಲ್ಲು ಸಾಯುತ್ತದೆ. ಒಣಗಿದ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು.