ಪರದೇಶದಲ್ಲಿ ಕೊಟ್ಟ ಮರ್ಯಾದೆ, ಪಕ್ಕದ ಮನೆಗೆ ಯಾಕಿಲ್ಲ?

ಇವತ್ತು ನಾವು ಧ್ಯಾನಿಸುವ ವಾಕ್ಯಭಾಗ 1 ಕೊರಿಂಥದವರಿಗೆ 10ನೇ ಅಧ್ಯಾಯ, 21ನೇ ವಚನದಿಂದ ಕೊನೆಯವರೆಗೆ. ಬೈಬಲ್ ತೆರೆದಿಟ್ಟುಕೊಳ್ಳಿ.

ನಮ್ಮ ಸಭೆಗಳಿಂದ ಎಷ್ಟೋ ಜನ ದುಬೈ, ಕುವೈತ್, ಮಸ್ಕತ್ ಕಡೆ ದುಡಿಯೋಕೆ ಹೋಗಿದ್ದಾರೆ. ಅವರಲ್ಲಿ ಅನೇಕರಿಗೆ ಈ ಪ್ರಶ್ನೆ ಇದೆ: "ಅಲ್ಲಿಯವರ ಹಬ್ಬ ಬಂದಾಗ ವಿಶ್ವಾಸಿ ಹೇಗಿರಬೇಕು? ಇಫ್ತಾರ್ ಊಟಕ್ಕೆ ಕರೆದರೆ ಹೋಗಬಹುದಾ?"

ಮೊದಲು ಅಲ್ಲಿ ಏನು ನಡೆಯುತ್ತೆ ನೋಡಿ. ರಂಜಾನ್ ಚಂದ್ರಮಾನದ ತಿಂಗಳು. ಪ್ರತಿ ವರ್ಷ ಸುಮಾರು 11 ದಿನ ಮುಂಚೆ ಬರುತ್ತೆ. ಅದು ಬೇಸಿಗೆಯಲ್ಲಿ ಬಂದ ವರ್ಷ, 40 ಡಿಗ್ರಿ ದಾಟಿದ ಬಿಸಿಲಲ್ಲಿ ಸುಮಾರು 15 ಗಂಟೆ ಒಂದು ತೊಟ್ಟು ನೀರಿಲ್ಲದೆ ಇರ್ತಾರೆ. ಯುಎಇಯಲ್ಲಿ ಆ ತಿಂಗಳು ಕೆಲಸದ ಅವಧಿ ದಿನಕ್ಕೆ 2 ಗಂಟೆ ಕಡಿಮೆ, ಉಪವಾಸ ಮಾಡದವರಿಗೂ ಸಹ. ಸೂರ್ಯ ಮುಳುಗಿದ ಕೂಡಲೇ ಖರ್ಜೂರ, ನೀರು ತಗೊಂಡು ಉಪವಾಸ ಬಿಡ್ತಾರೆ. ಮಸೀದಿ ಪಕ್ಕದ ಟೆಂಟುಗಳಲ್ಲಿ ಕೂಲಿಯವರಿಗೆ ಉಚಿತ ಊಟ. ನೀನು ಯಾವ ಮತದವನು ಅಂತ ಕೇಳದೆ ಬಡಿಸ್ತಾರೆ.

ಈಗ ಪೌಲನ ಮಾತಿಗೆ ಬನ್ನಿ. ಕೊರಿಂಥದ ಪೇಟೆಯಲ್ಲಿ ಮಾರುತ್ತಿದ್ದ ಮಾಂಸದಲ್ಲಿ ಗುಡಿಗಳಿಂದ ಬಂದದ್ದೂ ಇರುತ್ತಿತ್ತು. ಪೌಲನು ಮೂರು ವಿಷಯ ಹೇಳ್ತಾನೆ. ಕರ್ತನ ಮೇಜಿನ ಜೊತೆಗೆ ಇನ್ನೊಂದು ಆರಾಧನೆಯಲ್ಲಿ ಪಾಲುಗಾರರಾಗಬೇಡಿ. ನಂಬದವರು ಊಟಕ್ಕೆ ಕರೆದರೆ, ಹೋಗುವ ಮನಸ್ಸಿದ್ದರೆ ಹೋಗಿ, ವಿಚಾರಣೆ ಮಾಡದೆ ಊಟ ಮಾಡಿ. ಆದರೆ "ಇದು ಅರ್ಪಿಸಿದ್ದು" ಅಂತ ಯಾರಾದರೂ ತಿಳಿಸಿದರೆ, ತಿಳಿಸಿದವನ ಮನಸ್ಸಾಕ್ಷಿಗೋಸ್ಕರ ಬಿಟ್ಟುಬಿಡಿ.

ಹಾಗಾದರೆ ಇಫ್ತಾರ್ ಊಟಕ್ಕೆ ಹೋಗಿ, ಕೃತಜ್ಞತೆಯಿಂದ ಊಟ ಮಾಡಿ. ಅವರು ನಮಾಜಿಗೆ ಎದ್ದಾಗ ಸುಮ್ಮನೆ ಕುಳಿತಿರಿ. ಅವರ ಹಾಗೆ ನಟಿಸಬೇಡಿ. ನಿಮ್ಮ ನಟನೆ ಅವರಿಗೂ ಗೌರವವಲ್ಲ, ದೇವರಿಗೂ ಗೌರವವಲ್ಲ. ಅವರ ಭಕ್ತಿಯನ್ನು ಮೊಬೈಲಿನಲ್ಲಿ ತಮಾಷೆಯಂತೆ ಹಿಡಿಯಲೂ ಬೇಡಿ. ಇನ್ನೂ ಒಂದು ಮಾತು. ದುಬೈನ ಸೇಂಟ್ ಮೇರೀಸ್ ಚರ್ಚು 1967ರಲ್ಲಿ ಎದ್ದು ನಿಂತದ್ದು ಅಲ್ಲಿನ ಅರಸರು ಕೊಟ್ಟ ಜಾಗದಲ್ಲಿ. ಆ ಊರು ಕ್ರೈಸ್ತರ ಹಬ್ಬಕ್ಕೂ ಜಾಗ ಕೊಟ್ಟಿದೆ, ಮರೆಯಬೇಡಿ.

ಇಲ್ಲಿಯವರೆಗೆ ಎಲ್ಲರೂ ಆಮೆನ್ ಅಂತೀರಿ. ಈಗ ಸ್ವಲ್ಪ ಕಷ್ಟದ ಮಾತು ಕೇಳಿ.

ರಂಜಾನ್‌ನಲ್ಲಿ ನಮ್ಮ ಸಹೋದರನು ಅಲ್ಲಿ ರಸ್ತೆಯಲ್ಲಿ ನೀರು ಸಹ ಕುಡಿಯಲ್ಲ. ದುಬೈಯಲ್ಲಿ ಹಗಲು ಹೋಟೆಲುಗಳು ಪರದೆ ಹಾಕಲೇಬೇಕಿತ್ತು. ಆ ನಿಯಮ ಸಡಿಲವಾದದ್ದು 2021ರಲ್ಲಿ. ಒಳ್ಳೇದು, ಕಾನೂನಿಗೆ ಒಳಪಟ್ಟು ನಡೆದ. ಅದೇ ಸಹೋದರ ಜನವರಿಯಲ್ಲಿ ರಜೆಗೆ ಊರಿಗೆ ಬರ್ತಾನೆ. ಸಂಕ್ರಾಂತಿ ಸಂಜೆ ಪಕ್ಕದ ಮನೆ ಹುಡುಗಿ ಹೊಸ ಲಂಗ ಹಾಕ್ಕೊಂಡು, ತಟ್ಟೆ ಹಿಡ್ಕೊಂಡು ಎಳ್ಳು ಬೀರೋಕೆ ಬರ್ತಾಳೆ. ಈ ಮನೆಯ ಬಾಗಿಲು ತೆರೆಯಲ್ಲ. ಇಲ್ಲಾಂದ್ರೆ ತಗೊಂಡು, ಅವಳು ಗೇಟು ದಾಟುವ ಮುಂಚೆ ಕಸಕ್ಕೆ ಹಾಕ್ತಾರೆ. ಆ ಮಗುವಿಗೆ ಉಪದೇಶ, ಸಿದ್ಧಾಂತ ಏನು ಗೊತ್ತು? ಮುಚ್ಚಿದ ಬಾಗಿಲು ಮಾತ್ರ ಗೊತ್ತು.

ಪ್ರಿಯರೇ, ಅಲ್ಲಿ ತೋರಿಸಿದ್ದು ಗೌರವವೋ, ದಂಡದ ಭಯವೋ? ವೀಸಾ ಇರುವ ಕಡೆ ಬಂದ ಮರ್ಯಾದೆ, ವೀಸಾ ಬೇಡದ ಊರಲ್ಲಿ ಇಲ್ಲ ಅಂದ್ರೆ ಅದಕ್ಕೆ ಪ್ರೀತಿ ಅಂತ ಹೆಸರಿಡೋಕೆ ಆಗಲ್ಲ. ಕೇಳುವವರು ಯಾರೂ ಇಲ್ಲದ ಕಡೆಯೇ ಪ್ರೀತಿಯ ಪರೀಕ್ಷೆ.

"ಹಾಗಾದರೆ ಪ್ರಸಾದ ಕೊಟ್ಟರೆ?" ಅಂತ ಕೇಳ್ತೀರಿ. ಅದಕ್ಕೆ ಪೌಲನೇ ಉತ್ತರ ಕೊಟ್ಟಾಗಿದೆ. ದೇವರಿಗೆ ಇಟ್ಟದ್ದು ಅಂತ ಅವರು ಹೇಳಿದರೆ, ಕೈಮುಗಿದು, "ಬೇಜಾರು ಮಾಡ್ಕೋಬೇಡಿ ಅಕ್ಕ, ನಾವು ತಗೊಳ್ಳಲ್ಲ" ಅನ್ನಿ. ಅಷ್ಟಕ್ಕೇ ಬಾಗಿಲು ಹಾಕಬೇಡಿ. ಒಳಗೆ ಕರೆಯಿರಿ, ಕಾಫಿ ಕೊಡಿ, ಮಕ್ಕಳ ಓದು ವಿಚಾರಿಸಿ. ಬೇಡ ಅನ್ನುವುದರಲ್ಲೂ ಒಂದು ಮರ್ಯಾದೆ ಇದೆ.

ಡಿಸೆಂಬರಿನಲ್ಲಿ ನಾವು ಕೇಕಿನ ತಟ್ಟೆ ಹಿಡಿದು ಅದೇ ಬಾಗಿಲಿಗೆ ಹೋಗ್ತೀವಿ. ಅವರು ನಗುತ್ತಾ ತಗೊಳ್ಳಲಿ ಅಂತ ಬಯಸ್ತೀವಿ ಅಲ್ವಾ? ಜನರು ನಮಗೆ ಏನು ಮಾಡಬೇಕೆಂದು ಬಯಸುತ್ತೇವೋ ಅದನ್ನೇ ಅವರಿಗೆ ಮಾಡಬೇಕೆಂಬುದು ಕರ್ತನ ಆಜ್ಞೆ. ಅದನ್ನು ಪಾಲಿಸುವ ಹೃದಯವನ್ನು ದೇವರು ನಮಗೆ ದಯಪಾಲಿಸಲಿ. ಆಮೆನ್.