ಹಿಟ್ಟಿನ ಕೋಳಿಯೂ ಮಾರಾಟದ ಕಥೆಯೂ

ದಶಲಕ್ಷಣ ಪರ್ವದಲ್ಲಿ ಉತ್ತಮ ಸತ್ಯಧರ್ಮದ ದಿನ ಬಸದಿಯ ಪ್ರವಚನ ಕೇಳಿ ಮನೆಗೆ ಮರಳುವ ತರುಣನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಅವನಿಗೆ ಹಗಲಿನಲ್ಲಿ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೆಕ್ಕಪತ್ರದ ಕೆಲಸ. ಸಂಜೆಯ ಊಟ ಮುಗಿದ ಮೇಲೆ ಮೊಬೈಲಿನಲ್ಲಿ ಧಾರಾವಾಹಿ ಕಥೆ ಬರೆಯುವ ಹವ್ಯಾಸ. ಹವ್ಯಾಸವೆಂಬ ಮಾತು ಈಗ ಪೂರ್ತಿ ಸರಿಯಲ್ಲ. ಅದರಿಂದ ತಿಂಗಳಿಗೆ ಒಂದಿಷ್ಟು ಹಣ ಬರುತ್ತಿದೆ, ಮನೆಯ ಸಾಲದ ಕಂತಿಗೆ ಅದು ಆಧಾರವೂ ಆಗಿದೆ. (ಸಾಲಕ್ಕೂ ಧಾರಾವಾಹಿಗೂ ಕನ್ನಡದಲ್ಲಿ ‘ಕಂತು’ ಎಂಬ ಒಂದೇ ಮಾತಿರುವುದು ಅವನ ಪಾಲಿಗೆ ಬರಿಯ ಆಕಸ್ಮಿಕವಲ್ಲ.) ದಾರಿಯಲ್ಲಿ ತಾಯಿ ಕೇಳುತ್ತಾಳೆ: “ಅಲ್ಲ ಕಣೋ, ಇಲ್ಲದ್ದನ್ನು ಇದ್ದ ಹಾಗೆ ಬರೆದು ದುಡ್ಡು ತಗೊಳ್ಳೋದು ಸುಳ್ಳು ಹೇಳಿದ ಹಾಗಾಗಲ್ವಾ?”

ಈ ತರುಣ ಕಲ್ಪಿತನಾದರೂ ಅವನ ಸನ್ನಿವೇಶ ಕಲ್ಪಿತವಲ್ಲ. ಪೀಣ್ಯದ ಕೈಗಾರಿಕಾ ಪ್ರದೇಶ, 1978ರಲ್ಲಿ ಕಿಯೋನಿಕ್ಸ್ ಸಂಸ್ಥೆ ಆರಂಭಿಸಿದ ಎಲೆಕ್ಟ್ರಾನಿಕ್ ಸಿಟಿ, 1990ರ ದಶಕದಲ್ಲಿ ತಂತ್ರಜ್ಞಾನ ಉದ್ಯಾನ ತಲೆಯೆತ್ತಿದ ವೈಟ್‌ಫೀಲ್ಡ್, ಈ ಮೂರು ದಿಕ್ಕಿನ ನಿತ್ಯ ಪ್ರಯಾಣಿಕರು ದಿನದ ಎರಡು ಮೂರು ಗಂಟೆಗಳನ್ನು ಬಸ್ಸು, ಮೆಟ್ರೋಗಳಲ್ಲಿ ಕಳೆಯುತ್ತಾರೆ. ಆ ಬೇಸರದ ಹೊತ್ತನ್ನು ತುಂಬಲು ಕಥೆಗಳು ಬೇಕು. ಇದೇ ಬೆಂಗಳೂರಿನಲ್ಲಿ 2014ರಲ್ಲಿ ಹುಟ್ಟಿದ ಪ್ರತಿಲಿಪಿ, ಅನಂತರ ಬಂದ ಪಾಕೆಟ್ ಎಫ್.ಎಂ. ಮುಂತಾದ ವೇದಿಕೆಗಳು ಓದುವ ಮತ್ತು ಕೇಳುವ ಧಾರಾವಾಹಿಗಳನ್ನು ಕೈಯಳತೆಗೆ ತಂದಿವೆ. ಮುಂದಿನ ಅಧ್ಯಾಯ ಬೇಕಾದವರು ಕಾಯಬೇಕು, ಇಲ್ಲವೇ ಹಣ ತೆರಬೇಕು. ಆದ್ದರಿಂದ ಇಲ್ಲಿ ಬರೆಯಲು ಕಲಿಯುವವನು ಮೊದಲು ಕಲಿಯುವುದು ಅಧ್ಯಾಯವನ್ನು ಎಲ್ಲಿ ತುಂಡರಿಸಬೇಕೆಂಬುದನ್ನು. ಬಾಗಿಲು ತಟ್ಟಿದ ಸದ್ದಾಗಬೇಕು, ತಟ್ಟಿದವರು ಯಾರೆಂದು ತಿಳಿಯಬಾರದು. ನಾಯಕನಿಗೆ ಮೊದಲ ಅಧ್ಯಾಯದಲ್ಲೇ ನಾಲ್ಕು ಜನರೆದುರು ಅವಮಾನವಾಗಬೇಕು, ಆ ಸೇಡು ತೀರುವುದು ಮುಂದಕ್ಕೆ ಹೋಗುತ್ತಲೇ ಇರಬೇಕು.

ವಿದ್ಯೆ ಹೊಸದೇನಲ್ಲ. ವಾರಪತ್ರಿಕೆಗಳ ಧಾರಾವಾಹಿ ಕಾದಂಬರಿಕಾರರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ‘ಪತ್ತೇದಾರ ಪುರುಷೋತ್ತಮ’ನನ್ನು ಸೃಷ್ಟಿಸಿದ ಎನ್. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು. ಕನ್ನಡ ಓದುವ ಚಟವನ್ನು ಸಾಮಾನ್ಯ ಜನರಿಗೆ ಹಿಡಿಸಿದ ಕೀರ್ತಿಯಲ್ಲಿ ಅವರಿಗೆ ದೊಡ್ಡ ಪಾಲಿದೆ. ಸಾಮಾನ್ಯ ಓದುಗರ ಈ ಉಪಕಾರಿಯನ್ನು ವಿಮರ್ಶಕರು ಬಹುಕಾಲ ಗಮನಿಸಲೇ ಇಲ್ಲ ಎಂಬುದು ಬೇರೆಯ ಮಾತು.

ತಾಯಿಯ ಪ್ರಶ್ನೆಗೆ ಉತ್ತರ ಕಠಿನವಲ್ಲ. ತತ್ತ್ವಾರ್ಥಸೂತ್ರದ ಅಭಿಪ್ರಾಯದಂತೆ ಪ್ರಮತ್ತಯೋಗದಿಂದ, ಎಂದರೆ ಕಷಾಯಕ್ಕೆ ವಶವಾದ ಮನಸ್ಸಿನಿಂದ, ಅಸತ್ತಾದುದನ್ನು ನುಡಿಯುವುದು ಅನೃತ. ಕಥೆಯೆಂದು ತಿಳಿದೇ ಕೇಳುವವನು ಮೋಸಹೋಗುವುದಿಲ್ಲ. ಶಾಸ್ತ್ರಕಾರರು ಸತ್ಯದ ಹತ್ತು ಬಗೆಗಳಲ್ಲಿ ಉಪಮಾ ಸತ್ಯಕ್ಕೂ ಸ್ಥಾನ ಕೊಟ್ಟಿರುವಾಗ, ಒಳ್ಳೆಯ ಕಥೆಯನ್ನು ವಿಸ್ತಾರವಾದ ಉಪಮೆಯೆಂದು ಎಣಿಸಲು ಅಡ್ಡಿಯಿಲ್ಲ. ಹಾಗಿಲ್ಲದಿದ್ದರೆ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳ ಗತಿಯೇನು?

ನಿಜವಾದ ತೊಡಕು ಬೇರೆಡೆ ಇದೆ. ಶ್ರಾವಕನು ತ್ಯಜಿಸಬೇಕಾದ ಅನರ್ಥದಂಡಗಳಲ್ಲಿ ದುಃಶ್ರುತಿಯೂ ಒಂದು. ಆರಂಭ, ಪರಿಗ್ರಹ, ಸಾಹಸ, ಮಿಥ್ಯಾತ್ವ, ದ್ವೇಷ, ರಾಗ, ಮದ, ಮದನಗಳಿಂದ ಚಿತ್ತವನ್ನು ಕಲುಷಿತಗೊಳಿಸುವ ಕಥೆಗಳನ್ನು ಕೇಳುವುದೇ ದುಃಶ್ರುತಿಯೆಂದು ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ನಿರೂಪಿಸಿದ್ದಾರೆ. ಕೇಳುವುದೇ ದೋಷವಾದರೆ ಕೇಳಿಸುವುದರ ಗತಿ ಹೇಳಬೇಕಿಲ್ಲ. ಕೃತ, ಕಾರಿತ, ಅನುಮತ ಎಂಬ ಲೆಕ್ಕ ಎಲ್ಲರಿಗೂ ಗೊತ್ತಿರುವುದೇ. ಈ ಪಟ್ಟಿಯನ್ನು ಓದಿದ ಮಾರಾಟದ ಕಥೆಗಾರನಿಗೆ ದಿಗಿಲಾಗದೆ ಇರದು. ಅವನ ಅಂಗಡಿಯ ಸರಕೆಲ್ಲ ಅಲ್ಲಿಯೇ ಇದೆ. ಸಾಹಸವೊಂದನ್ನು ಕಳೆದರೂ ಅವನ ಅರ್ಧ ವ್ಯಾಪಾರ ನಿಂತುಹೋಗುತ್ತದೆ.

ಆದರೆ ಇದೇ ಸರಕನ್ನು ಜೈನ ಕಥೆಗಾರರೂ ತಮ್ಮ ಅಂಗಡಿಯಲ್ಲಿ ಇಟ್ಟಿದ್ದರೆಂಬುದನ್ನು ಮರೆಯಬಾರದು. ವಸುದೇವಹಿಂಡಿಯ ಮಧ್ಯಮ ಖಂಡವನ್ನು ರಚಿಸಿದ ಧರ್ಮಸೇನಗಣಿಯು ಜನರಿಗೆ ಶೃಂಗಾರ ಕಥೆಯಲ್ಲೇ ಆಸಕ್ತಿಯೆಂಬುದನ್ನು ಒಪ್ಪಿಕೊಂಡು, ರೋಗಿಗೆ ಇಷ್ಟವಾದ ಪಾನದ ನೆಪದಲ್ಲಿ ಔಷಧ ಕುಡಿಸುವ ವೈದ್ಯನಂತೆ ತಾನು ನಡೆದುಕೊಳ್ಳುವೆನೆಂಬ ಸಮರ್ಥನೆ ನೀಡುತ್ತಾನೆ. ಉದ್ಯೋತನ ಸೂರಿಯು 779ರಲ್ಲಿ ಮುಗಿಸಿದ ಕುವಲಯಮಾಲಾ ಇನ್ನೂ ಕುತೂಹಲಕರವಾದುದು. ಕ್ರೋಧಕ್ಕೆ ಚಂಡಸೋಮ, ಮಾನಕ್ಕೆ ಮಾನಭಟ, ಮಾಯೆಗೆ ಮಾಯಾದಿತ್ಯ, ಲೋಭಕ್ಕೆ ಲೋಭದೇವ, ಮೋಹಕ್ಕೆ ಮೋಹದತ್ತ ಎಂದು ಒಂದೊಂದು ವಿಕಾರಕ್ಕೂ ಒಬ್ಬೊಬ್ಬನನ್ನು ನಿಲ್ಲಿಸಿ ಅವರ ಭವಾವಳಿಯನ್ನು ಹೆಣೆಯಲಾಗಿದೆ. ಇಂದಿನ ಜನಪ್ರಿಯ ಕಥೆಯ ವಿಭಾಗಗಳೂ ಇವೇ ಅಲ್ಲವೆ? ಸೇಡಿನ ಕಥೆ ಕ್ರೋಧದ್ದು, ಅವಮಾನಗೊಂಡವನು ಕೋಟ್ಯಧೀಶನಾಗಿ ಮರಳುವ ಕಥೆ ಮಾನದ್ದು, ಪತ್ತೇದಾರಿ ಮಾಯೆಯದು, ನಿಧಿಶೋಧ ಲೋಭದ್ದು. ಪ್ರೇಮಕಥೆಯ ವಿಷಯ ಹೇಳುವುದೇ ಬೇಡ. ವಸ್ತುವಿನಲ್ಲಿ ಭೇದವಿಲ್ಲವೆಂದ ಮೇಲೆ ಭೇದ ಇರುವುದಾದರೂ ಎಲ್ಲಿ?

ಉದ್ದೇಶದಲ್ಲಿ ಎಂಬ ಉತ್ತರ ಬೇಗ ಹೊಳೆಯುತ್ತದೆ. 1950ರ ದಶಕದಲ್ಲಿ ವೇಶ್ಯಾಸಮಸ್ಯೆಯನ್ನು ಕುರಿತ ತಮ್ಮ ಕಾದಂಬರಿಗಳಿಗೆ ಅಶ್ಲೀಲತೆಯ ಆಪಾದನೆ ಬಂದಾಗ ಅ.ನ. ಕೃಷ್ಣರಾಯರು ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕವನ್ನೇ ಬರೆಯಬೇಕಾಯಿತು. ಆದರೆ ಉದ್ದೇಶವೆಂಬುದು ಬರೆಯುವವನಿಗೆ ಬಹಳ ಅನುಕೂಲವಾದ ಸಾಕ್ಷಿ; ಅದು ಯಾವಾಗಲೂ ಅವನ ಪರವಾಗಿಯೇ ನುಡಿಯುತ್ತದೆ. ಆದ್ದರಿಂದ ಜನ್ನನ ಯಶೋಧರ ಚರಿತೆಯನ್ನು ಇಲ್ಲಿ ತುಸು ನಿಧಾನವಾಗಿ ನೋಡುವುದು ಮೇಲು.

1209ರಲ್ಲಿ ರಚಿತವಾದ ಈ ಪುಟ್ಟ ಕಾವ್ಯದ ಕಥೆ ಜೈನ ಮನೆಗಳಲ್ಲಿ ಎಲ್ಲರಿಗೂ ಪರಿಚಿತ. ರಾಣಿ ಅಮೃತಮತಿ ಕುರೂಪಿಯಾದ ಮಾವುತನಿಗೆ ಒಲಿದುದನ್ನು ಕಣ್ಣಾರೆ ಕಂಡ ಯಶೋಧರ, ಮರುದಿನ ತಾಯಿ ಚಂದ್ರಮತಿಗೆ ನಿಜ ಹೇಳಲಾರದೆ ಕೆಟ್ಟ ಕನಸು ಕಂಡೆನೆಂದು ಕಟ್ಟಿ ಹೇಳುತ್ತಾನೆ. ಅದರ ಶಾಂತಿಗೆ ಪ್ರಾಣಿಬಲಿಯಾಗಬೇಕೆಂದು ತಾಯಿ. ಜೀವವಧೆ ಆಗದೆಂದು ಮಗ. ಕೊನೆಗೆ ಇಬ್ಬರಿಗೂ ಒಪ್ಪಿಗೆಯಾಗುವಂತೆ ಹಿಟ್ಟಿನ ಕೋಳಿಯೊಂದನ್ನು ಮಾಡಿಸಿ ಬಲಿ ಕೊಡುತ್ತಾರೆ. ಕಡಿದಾಗ ಅದು ಕೂಗುತ್ತದೆ. ಅನಂತರ ಅಮೃತಮತಿ ಇಕ್ಕಿದ ವಿಷದಿಂದ ತಾಯಿಯೂ ಮಗನೂ ಸತ್ತು, ನವಿಲು, ನಾಯಿ, ಹಾವು, ಮೀನು, ಮೊಸಳೆ, ಆಡು ಎಂದು ಭವದಿಂದ ಭವಕ್ಕೆ ತೊಳಲಿ, ತಾವು ಕಡಿದ ಕೋಳಿಯ ಜನ್ಮವನ್ನೂ ಎತ್ತುತ್ತಾರೆ.

ಸತ್ತುದು ಯಾವ ಜೀವವೂ ಅಲ್ಲ, ಬರಿಯ ಹಿಟ್ಟು. ಇಷ್ಟಕ್ಕೆ ಇಷ್ಟು ದೊಡ್ಡ ಫಲವೇ ಎಂದು ಮಕ್ಕಳು ಕೇಳುವುದುಂಟು. ಸಂಕಲ್ಪವೇ ಹಿಂಸೆ ಎಂದು ಹಿರಿಯರು ಉತ್ತರಿಸುತ್ತಾರೆ. ಕಥೆ ಬರೆಯುವವನಿಗೆ ಈ ಉತ್ತರ ಬೇರೆಯವರಿಗಿಂತ ಹತ್ತಿರದಿಂದ ತಾಗಬೇಕು. ಏಕೆಂದರೆ ಅವನು ದಿನವೂ ಮಾಡುವುದು ಹಿಟ್ಟಿನ ಕೋಳಿಗಳನ್ನೇ. ಕಾಗದದ ಮೇಲಿನ ಕೊಲೆಯಲ್ಲಿ ರಕ್ತ ಹರಿಯುವುದಿಲ್ಲ. ಆದರೆ “ಖಳನನ್ನು ಈ ಅಧ್ಯಾಯದಲ್ಲಿ ನಿಧಾನವಾಗಿ ಕೊಲ್ಲಿಸಬೇಕು, ಕೇಳುಗರಿಗೆ ಅದು ಹಿತವಾಗುತ್ತದೆ” ಎಂದು ಲೆಕ್ಕ ಹಾಕಿ ಕೂರುವ ಗಳಿಗೆಯಲ್ಲಿ ಕತ್ತಿ ಬೀಳುವುದು ಹಿಟ್ಟಿನ ಮೇಲಾದರೂ ಬೀಸುವ ತೋಳು ನಿಜವಾದುದು. ಸುತ್ತ ನಿಂತು ನೋಡಿ ತಣಿಯುವ ಸಾವಿರ ಕಣ್ಣುಗಳೂ ನಿಜವಾದುವು. ಯಶೋಧರ ಕ್ರೂರಿಯಾಗಿರಲಿಲ್ಲ ಎಂಬುದನ್ನು ವಿಶೇಷವಾಗಿ ಗಮನಿಸಬೇಕು. ತಾಯಿಯ ಮನಸ್ಸನ್ನೂ ನೋಯಿಸದೆ ತನ್ನ ಧರ್ಮವನ್ನೂ ಬಿಡದೆ ಒಂದು ನಡುದಾರಿಯನ್ನು ಹುಡುಕಿದ, ಅಷ್ಟೆ. “ಬರಿಯ ಕಥೆ ತಾನೆ, ಸಾಲ ತೀರುವವರೆಗೆ ತಾನೆ” ಎಂಬುದೂ ಅಂಥದೇ ನಡುದಾರಿ.

ಹಾಗೆಂದು ಕೊಲೆ, ಜಾರತನಗಳಿರುವ ಕಥೆಯನ್ನೇ ಬರೆಯಬಾರದೆನ್ನಲು ಬರುವುದಿಲ್ಲ. ಹಾಗೆ ಹೇಳಿದರೆ ಮೊದಲು ಕೈಬಿಡಬೇಕಾದುದು ಯಶೋಧರ ಚರಿತೆಯನ್ನೇ. ವಾಸ್ತವವಾಗಿ ಆ ಕಾವ್ಯದಲ್ಲಿ ಎರಡು ಕಥನಗಳಿವೆ. ಒಂದು ಯಶೋಧರ ಕಟ್ಟಿದ ಕನಸು. ಕೇಳಿದ ತಾಯಿಗೆ ಅದು ಕಟ್ಟುಕಥೆಯೆಂದು ತಿಳಿಯದು. ಅದರಿಂದ ಬಲಿ ಹುಟ್ಟಿತು. ಇನ್ನೊಂದು, ಚಂಡಮಾರಿಯ ಗುಡಿಯಲ್ಲಿ ಬಲಿಗಾಗಿ ಹಿಡಿದು ತಂದ ಬಾಲಕ ಅಭಯರುಚಿ ಮಾರಿದತ್ತ ರಾಜನಿಗೆ ಹೇಳುವ ತನ್ನ ಭವಾವಳಿ. ಅದರಿಂದ ಬಲಿ ನಿಂತಿತು. ಜಾರತನ, ವಿಷ, ವಧೆ ಎಲ್ಲವೂ ಅದರಲ್ಲಿವೆ. ಕುತೂಹಲವನ್ನು ಹಿಡಿದಿಡುವ ವಿದ್ಯೆಯಲ್ಲಿ ಅಭಯರುಚಿ ಯಾವ ಧಾರಾವಾಹಿಕಾರನಿಗೂ ಕಡಿಮೆಯಿಲ್ಲ; ಎದುರಿಗೆ ಹಿರಿದ ಕತ್ತಿಯಿರುವಾಗ ಕಥೆ ಬೇಸರ ತರಿಸಿದರೆ ಏನಾದೀತೆಂಬುದನ್ನು ಊಹಿಸಬಹುದು. ಬೇಸರ ತರಿಸುವುದು ಪುಣ್ಯದ ಲಕ್ಷಣವೆಂದು ತಿಳಿದವರು ಈ ಪ್ರಸಂಗವನ್ನು ಮತ್ತೊಮ್ಮೆ ಓದಬೇಕು. ಟ್ರಸ್ಟುಗಳು ಅಚ್ಚು ಹಾಕಿಸಿ ಉಚಿತವಾಗಿ ಹಂಚುವ ಎಷ್ಟೋ ಕಥಾಪುಸ್ತಕಗಳು ಕಟ್ಟು ಬಿಚ್ಚದೆ ಕಪಾಟಿನಲ್ಲಿ ಉಳಿಯುವುದಕ್ಕೆ ಓದುಗರ ಅಶ್ರದ್ಧೆಯೊಂದೇ ಕಾರಣವಲ್ಲ. ಕಥೆಯ ಕಸುಬು ಬಲ್ಲ ತರುಣರನ್ನು ಅವು ಒಮ್ಮೆಯಾದರೂ ಕರೆದು ಕೇಳಿದರೆ ತಪ್ಪೇನು?

ಜನ್ನನಲ್ಲಿಯೂ ಒಂದು ಎಚ್ಚರಿಕೆಯಿದೆ. ಅಮೃತಮತಿಯ ಪ್ರಸಂಗವನ್ನು ಅವನು ಎಷ್ಟು ಸಮರ್ಥವಾಗಿ ಬರೆದನೆಂದರೆ ಆಧುನಿಕ ಓದುಗರಲ್ಲಿ ಅನೇಕರ ಮನಸ್ಸು ಆಕೆಯ ಬಳಿಯೇ ನಿಂತುಬಿಡುತ್ತದೆ. ಗಿರೀಶ ಕಾರ್ನಾಡರು ಇದೇ ಕಥೆಯಿಂದ ‘ಹಿಟ್ಟಿನ ಹುಂಜ’ (1980) ನಾಟಕವನ್ನು ರಚಿಸಿದಾಗ ಅವರಿಗೆ ಕಂಡ ಪ್ರಶ್ನೆಗಳು ಬೇರೆಯಾಗಿದ್ದುವು. ಕಸುಬು ಬೆಳೆದಷ್ಟೂ ಕಥೆ ಕರ್ತೃವಿನ ಹಿಡಿತ ಮೀರುತ್ತದೆ. ಆದ್ದರಿಂದ ಉದ್ದೇಶ ಶುದ್ಧವಾಗಿದ್ದರೆ ಸಾಕೆನ್ನಲಾಗದು. ಕೆರಳಿಸಿದ ಕಷಾಯವನ್ನು ಕಥೆ ಎಲ್ಲಿಗೆ ಒಯ್ದು ಇಳಿಸುತ್ತದೆಂಬುದನ್ನೂ ನೋಡಬೇಕು. ಇಳಿಸುವುದಕ್ಕೆ ಕಥೆಗೊಂದು ಕೊನೆ ಬೇಕು. ಯಶೋಧರನ ಭವಗಳಿಗೆ ಕೊನೆಯಿದೆ. ಹಣಕ್ಕೆ ಅಧ್ಯಾಯ ಮಾರುವ ಧಾರಾವಾಹಿಗೆ ಅದಿಲ್ಲ. ಆದಾಯವಿರುವ ತನಕ ಅಲ್ಲಿ ಮೋಕ್ಷಕ್ಕೆ ಅವಕಾಶವಿಲ್ಲ. ಮಾರಾಟದ ಕಥೆಯ ಮುಖ್ಯ ದೋಷ ಅದರ ವಸ್ತುವಿನಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಈ ಕೊನೆಯಿಲ್ಲದಿರುವಿಕೆಯಲ್ಲಿದೆ. ಕ್ರೋಧವನ್ನು ಹೊತ್ತಿಸಿ, ಆರುವ ಮುನ್ನ ಬಾಗಿಲು ಮುಚ್ಚಿ, ನಾಳೆ ಬನ್ನಿ ಎನ್ನುವುದು ಅದರ ನಿತ್ಯದ ಕೆಲಸ.

ಬೇರೆ ದಾರಿ ಇಲ್ಲವೆಂದಲ್ಲ. ಎಚ್.ಎ.ಎಲ್.ನಲ್ಲಿ ಎಂಜಿನಿಯರ್ ಆಗಿದ್ದ ನೇಮಿಚಂದ್ರ ಅವರು ಯೆಹೂದ್ಯರ ಮಾರಣಹೋಮವನ್ನು ಕುರಿತು ‘ಯಾದ್ ವಶೇಮ್’ ಬರೆದರು. ಸಾಫ್ಟ್‌ವೇರ್ ಉದ್ಯೋಗದಲ್ಲಿದ್ದು ಬರಹಕ್ಕೂ ‘ಛಂದ ಪುಸ್ತಕ’ ಪ್ರಕಾಶನಕ್ಕೂ ತಮ್ಮನ್ನು ಕೊಟ್ಟುಕೊಂಡ ವಸುಧೇಂದ್ರರ ‘ತೇಜೋ ತುಂಗಭದ್ರಾ’ 2019ರಲ್ಲಿ ಬಂದಿತು. ಎರಡರಲ್ಲೂ ಹಿಂಸೆ ಧಾರಾಳವಾಗಿದೆ, ಎರಡೂ ಹಲವು ಮುದ್ರಣಗಳನ್ನು ಕಂಡಿವೆ. ಅವುಗಳನ್ನು ಮುಗಿಸಿದ ಓದುಗನ ಕೈ ಇನ್ನೊಂದು ಕೊಲೆಗಾಗಿ ಚಾಚುವುದಿಲ್ಲ. ಆದರೆ ಕಾದಂಬರಿಯೊಂದಕ್ಕೆ ವರ್ಷಗಳ ತಾಳ್ಮೆ ಬೇಕು, ಅಷ್ಟು ಕಾಲ ಮನೆಯ ಖರ್ಚನ್ನು ಬೇರೆ ಯಾವುದೋ ಸಂಬಳ ಹೊರಬೇಕು. ಪೀಣ್ಯದ ತರುಣನಿಗೆ ಅಂಥ ಬಿಡುವು ಇಲ್ಲದಿರಬಹುದು. ಅವನಿಗೆ ದೂರದಲ್ಲಿ ನಿಂತು ಉಪದೇಶಿಸುವುದು ಸುಲಭ.

ಈಗ ಅವನೆದುರಿಗಿರುವುದು ಎಂಬತ್ತನೆಯ ಅಧ್ಯಾಯವೆಂದಿಟ್ಟುಕೊಳ್ಳೋಣ. ನಾಯಕನು ತನ್ನನ್ನು ಅವಮಾನಿಸಿದವನನ್ನು ಕ್ಷಮಿಸುವ ದೃಶ್ಯವೊಂದನ್ನು ಅವನು ಬರೆದಿಟ್ಟಿದ್ದಾನೆ. ಅದನ್ನು ಪ್ರಕಟಿಸಿದರೆ ಕಥೆ ಮುಗಿಯುತ್ತದೆ, ಮುಂದಿನ ತಿಂಗಳ ಹಣವೂ ನಿಲ್ಲುತ್ತದೆ. ಸಾಲದ ಕಂತು ಮಾತ್ರ ಐದನೆಯ ತಾರೀಖಿಗೆ ಎಂದಿನಂತೆ ಬರುತ್ತದೆ. ಮನೆ ತಲುಪಿದ ಮೇಲೆ ಅವನು ಆ ದೃಶ್ಯವನ್ನು ತಾಯಿಗೆ ಓದಿ ಹೇಳುತ್ತಾನೆ. ಆಕೆ ಸುಮ್ಮನೆ ಕೇಳಿ, ಸ್ವಲ್ಪ ಹೊತ್ತು ಬಿಟ್ಟು, ಸಾಲ ಇನ್ನು ಎಷ್ಟು ಉಳಿದಿದೆಯೆಂದು ವಿಚಾರಿಸುತ್ತಾಳೆ.